ಪದ್ಮನಾಭನಗರದಿಂದ ಅಮೆರಿಕಾಗೆ: ಎಚ್-4 ಮಹಿಳೆಯರ ಓದು, ಉದ್ಯೋಗ, ಸಂಸಾರ

ಬೆಂಗಳೂರು: ದೇವೇಗೌಡ ಪೆಟ್ರೋಲ್ ಬಂಕ್ ವೃತ್ತ ದಾಟಿ ಪದ್ಮನಾಭನಗರದ ಅಡ್ಡರಸ್ತೆಗಳನ್ನು ಹೊಕ್ಕರೆ, ಮಗನೋ ಮಗಳೋ ಅಮೆರಿಕಾದಲ್ಲಿ ನೆಲೆಸಿರುವ ಮನೆಗಳಿಗೆ ಕೊರತೆಯಿಲ್ಲ. ಕೆಳಗೆ ನಿವೃತ್ತ ತಂದೆ ತಾಯಿ, ಮೇಲೆ ಬಾಡಿಗೆದಾರರು, ನಡುಮನೆಯ ಗೋಡೆಯ ಮೇಲೆ ಮೊಮ್ಮಕ್ಕಳ ಭಾವಚಿತ್ರ. ಮಗ ಅಥವಾ ಅಳಿಯ ಏನು ಕೆಲಸದಲ್ಲಿದ್ದಾನೆ ಎಂದು ಕೇಳಿದರೆ ಕಂಪನಿಯ ಹೆಸರಿನೊಂದಿಗೆ ಉತ್ತರ ಸಿಗುತ್ತದೆ. ಎಂಜಿನಿಯರಿಂಗ್ ಓದಿದ ಮಗಳು ಅಥವಾ ಸೊಸೆ ಅಲ್ಲಿ ಏನು ಮಾಡುತ್ತಿದ್ದಾಳೆ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ‘ಇನ್ನೂ ಪರ್ಮಿಟ್ ಬಂದಿಲ್ಲ’ ಎಂಬ ಒಂದು ಮಾತಿನಲ್ಲಿ ಹಲವು ವರ್ಷಗಳ ಕಥೆ ಅಡಗಿರುತ್ತದೆ.

ಆ ಪರ್ಮಿಟ್ಟಿನ ಹಿಂದಿರುವುದು ಎಚ್-4 ಎಂಬ ವೀಸಾ. ಅಮೆರಿಕಾದಲ್ಲಿ ತಾತ್ಕಾಲಿಕ ಉದ್ಯೋಗಕ್ಕಾಗಿ ನೀಡುವ ಎಚ್-1ಬಿ ವೀಸಾ ಪಡೆದವರ ಪತಿ ಅಥವಾ ಪತ್ನಿ ಹಾಗೂ 21 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೆ ನೀಡುವ ಅವಲಂಬಿತರ ವೀಸಾ ಇದು. ಕಾನೂನಿನಲ್ಲಿ ‘ಪತಿ ಅಥವಾ ಪತ್ನಿ’ ಎಂದೇ ಇದ್ದರೂ ವಾಸ್ತವದಲ್ಲಿ ಇದನ್ನು ಹೊತ್ತು ಹೋಗುವವರಲ್ಲಿ ಬಹುಪಾಲು ಮಹಿಳೆಯರು, ಅವರಲ್ಲೂ ಭಾರತೀಯ ಮಹಿಳೆಯರು. ಬನಶಂಕರಿ, ಜಯನಗರ, ಜೆ.ಪಿ. ನಗರಗಳಂಥ ಮಧ್ಯಮವರ್ಗದ ಬಡಾವಣೆಗಳಲ್ಲಿ ವಧೂವರರ ಜಾತಕದ ಜೊತೆಗೆ ವೀಸಾದ ಬಗೆಯನ್ನೂ ವಿಚಾರಿಸುವ ರೂಢಿ ಬಂದಿರುವುದು ಸುಮ್ಮನೆ ಅಲ್ಲ.

ಓದಿಗಾಗಿ ಹೋದವರು, ಮದುವೆಯಾಗಿ ಹೋದವರು

ಕನ್ನಡ ನಾಡಿನ ಹೆಣ್ಣುಮಕ್ಕಳು ಅಮೆರಿಕಾಗೆ ಹೋದ ಚರಿತ್ರೆ ಆರಂಭವಾಗುವುದು ಅವಲಂಬಿತರಿಂದಲ್ಲ. 1922ರಲ್ಲಿ ಜನಿಸಿದ ರಾಜೇಶ್ವರಿ ಚಟರ್ಜಿ ಅವರು ಸರ್ಕಾರದ ವಿದ್ಯಾರ್ಥಿವೇತನ ಪಡೆದು 1940ರ ದಶಕದ ಕೊನೆಯಲ್ಲಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಅವರದು ಸ್ವಂತ ಓದಿನ ಬಲದ ಪ್ರಯಾಣ. 1965ರ ವಲಸೆ ಕಾಯ್ದೆಯ ನಂತರ ವೈದ್ಯರು ಮತ್ತು ವಿಜ್ಞಾನಿಗಳ ಕುಟುಂಬಗಳು ಹೋದವು. ಅವರಲ್ಲಿ ಅನೇಕರು ನೇರವಾಗಿ ಗ್ರೀನ್ ಕಾರ್ಡ್ ಪಡೆದವರಾದ್ದರಿಂದ ಪತ್ನಿಯರಿಗೆ ದುಡಿಯಲು ಕಾನೂನಿನ ಅಡ್ಡಿಯಿರಲಿಲ್ಲ.

ಚಿತ್ರ ಬದಲಾದದ್ದು 1990ರ ವಲಸೆ ಕಾಯ್ದೆ ಎಚ್-1ಬಿ ವೀಸಾಗಳಿಗೆ ವರ್ಷಕ್ಕೆ 65,000ದ ಮಿತಿ ಗೊತ್ತುಪಡಿಸಿದ ಮೇಲೆ. ಇಸವಿ 2000ದ ಕಂಪ್ಯೂಟರ್ ತೊಂದರೆಯ ಭೀತಿ ಮತ್ತು ಇಂಟರ್‌ನೆಟ್ ಕಂಪನಿಗಳ ಅಬ್ಬರದ ಕಾಲದಲ್ಲಿ ಈ ಮಿತಿ 1,15,000ಕ್ಕೆ, ಬಳಿಕ 2001ರಿಂದ 2003ರವರೆಗೆ 1,95,000ಕ್ಕೆ ಏರಿತ್ತು. 2004ರಲ್ಲಿ ಮತ್ತೆ 65,000ಕ್ಕೆ ಇಳಿಯಿತು. ಅಮೆರಿಕಾದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗಾಗಿ ಇನ್ನೂ 20,000 ನಂತರ ಸೇರಿಕೊಂಡಿತು. ಬಿ.ಐ.ಟಿ., ಬಿ.ಎಂ.ಎಸ್., ದಯಾನಂದ ಸಾಗರ, ಪಿ.ಇ.ಎಸ್. ಮೊದಲಾದ ದಕ್ಷಿಣ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದೇ ತರಗತಿಯಲ್ಲಿ ಕೂತು ಒಂದೇ ಪಠ್ಯ ಓದಿದ ಹುಡುಗ ಹುಡುಗಿಯರು ಐದಾರು ವರ್ಷಗಳ ನಂತರ ಒಂದೇ ವಿಮಾನದಲ್ಲಿ ಹೋಗುವಾಗ ಒಬ್ಬನ ಪಾಸ್‌ಪೋರ್ಟಿನಲ್ಲಿ ಎಚ್-1ಬಿ, ಇನ್ನೊಬ್ಬಳದರಲ್ಲಿ ಎಚ್-4 ಮುದ್ರೆ ಬೀಳುವುದು ಇದೇ ಕಾಲದಲ್ಲಿ ಸಾಮಾನ್ಯವಾಯಿತು.

ಏನು ಮಾಡಬಹುದು, ಏನು ಕೂಡದು?

ಎಚ್-4 ಹೊಂದಿದವರು ಓದಬಹುದು. ಪೂರ್ಣಾವಧಿ ಕಾಲೇಜಿಗೆ ಸೇರಲು ಬೇರೆ ವಿದ್ಯಾರ್ಥಿ ವೀಸಾ ಬೇಕಿಲ್ಲ. ವಾಹನ ಚಾಲನಾ ಪರವಾನಗಿ ಪಡೆಯಬಹುದು, ಬ್ಯಾಂಕ್ ಖಾತೆ ತೆರೆಯಬಹುದು, ನಿಜವಾದ ಸ್ವಯಂಸೇವೆ ಮಾಡಬಹುದು. ಆದರೆ ಪ್ರತ್ಯೇಕ ಉದ್ಯೋಗ ಪರವಾನಗಿ ಇಲ್ಲದೆ ಸಂಬಳದ ಕೆಲಸ ಮಾಡುವಂತಿಲ್ಲ. ಪರವಾನಗಿ ಇಲ್ಲದವರಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೂ ಸಿಗುವುದಿಲ್ಲ. ಆ ದೇಶದಲ್ಲಿ ಸಾಲ, ಬಾಡಿಗೆ ಮನೆ, ಮೊಬೈಲ್ ಸಂಪರ್ಕ ಎಲ್ಲಕ್ಕೂ ಆ ಸಂಖ್ಯೆಯನ್ನೇ ಮೊದಲು ಕೇಳುತ್ತಾರೆ. ಹೀಗಾಗಿ ಬೆಂಗಳೂರಿನಲ್ಲಿ ಸ್ವಂತ ಸಂಬಳ, ಸ್ವಂತ ಸ್ಕೂಟರ್ ಇಟ್ಟುಕೊಂಡಿದ್ದ ಮಹಿಳೆ ಅಲ್ಲಿ ಎಲ್ಲ ಕಾಗದಪತ್ರಗಳಲ್ಲೂ ಪತಿಯ ಹೆಸರಿನ ಕೆಳಗೆ ಸೇರಿಹೋಗುತ್ತಾಳೆ.

‘ಕೆಲಸ’ ಎಂಬುದರ ವ್ಯಾಪ್ತಿ ಬಹಳ ದೊಡ್ಡದು ಎಂಬುದು ಅನೇಕರಿಗೆ ಹೋದ ಮೇಲಷ್ಟೇ ತಿಳಿಯುತ್ತದೆ. ಮನೆಯಲ್ಲಿ ನಾಲ್ಕು ಮಕ್ಕಳಿಗೆ ಸಂಗೀತವನ್ನೋ ಭರತನಾಟ್ಯವನ್ನೋ ಹೇಳಿಕೊಟ್ಟು ಶುಲ್ಕ ಪಡೆಯುವುದು, ಹಬ್ಬಕ್ಕೆ ಹೋಳಿಗೆ ಮಾಡಿ ಮಾರುವುದು, ಇವೂ ಪರವಾನಗಿ ಇಲ್ಲದ ಉದ್ಯೋಗವೆಂದೇ ಪರಿಗಣಿತವಾಗಬಹುದು. ಅದರ ಪರಿಣಾಮ ಮುಂದೆ ಗ್ರೀನ್ ಕಾರ್ಡ್ ಅರ್ಜಿಯ ಮೇಲೂ ಆಗಬಹುದು. ಬೆಂಗಳೂರಿನಲ್ಲಿ ಸಂಜೆ ಪಾಠ ಹೇಳಿ ಮನೆಯ ಖರ್ಚು ತೂಗಿಸುವ ಗೃಹಿಣಿಯರನ್ನು ಕಂಡವರಿಗೆ ಇದು ವಿಚಿತ್ರವೆನಿಸಿದರೆ ಆಶ್ಚರ್ಯವಿಲ್ಲ.

ಈ ಸ್ಥಿತಿಯನ್ನು ಹೊರಜಗತ್ತಿಗೆ ಮೊದಲು ತೋರಿಸಿದವರಲ್ಲಿ ಮೇಘನಾ ದಮಾನಿ ಒಬ್ಬರು. ಸ್ವತಃ ಎಚ್-4 ವೀಸಾದಲ್ಲಿದ್ದ ಅವರು 2007ರಲ್ಲಿ ‘ಹಾರ್ಟ್ಸ್ ಸಸ್ಪೆಂಡೆಡ್’ ಎಂಬ ಸಾಕ್ಷ್ಯಚಿತ್ರ ತಯಾರಿಸಿದರು. ಆನಂತರ ವಿದ್ವಾಂಸರೂ ಇತ್ತ ಗಮನ ಹರಿಸಿದರು. ಆಮಿ ಭಟ್ 2018ರಲ್ಲಿ, ಪಲ್ಲವಿ ಬ್ಯಾನರ್ಜಿ 2022ರಲ್ಲಿ ಈ ಕುಟುಂಬಗಳನ್ನು ಕುರಿತು ಗ್ರಂಥಗಳನ್ನು ಪ್ರಕಟಿಸಿದ್ದಾರೆ.

2015ರ ನಿಯಮ

ಮೊದಲ ಸಡಿಲಿಕೆ ಬಂದದ್ದು ಒಬಾಮ ಆಡಳಿತದಲ್ಲಿ. 2015ರ ಮೇ 26ರಿಂದ ಜಾರಿಗೆ ಬಂದ ನಿಯಮದಂತೆ, ಪತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ಐ-140 ಎಂಬ ಅರ್ಜಿ ಮಂಜೂರಾಗಿದ್ದರೆ, ಅಥವಾ ಗ್ರೀನ್ ಕಾರ್ಡ್ ಪ್ರಕ್ರಿಯೆಯ ಆಧಾರದ ಮೇಲೆ ಆರು ವರ್ಷದ ಮಿತಿ ಮೀರಿ ಆತನ ಎಚ್-1ಬಿ ವಿಸ್ತರಣೆಯಾಗಿದ್ದರೆ, ಪತ್ನಿ ಉದ್ಯೋಗ ಪರವಾನಗಿಗೆ ಅರ್ಜಿ ಸಲ್ಲಿಸಬಹುದು. ಮೊದಲ ವರ್ಷವೇ 1,79,600 ಮಂದಿ ಅರ್ಹರಾಗುತ್ತಾರೆಂದು, ನಂತರ ವರ್ಷಕ್ಕೆ 55,000 ಮಂದಿ ಸೇರುತ್ತಾರೆಂದು ಅಮೆರಿಕಾ ಸರ್ಕಾರವೇ ಅಂದಾಜಿಸಿತ್ತು. 2017ರ ಡಿಸೆಂಬರ್ ವೇಳೆಗೆ ನವೀಕರಣಗಳೂ ಸೇರಿ 1.26 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಮಂಜೂರಾಗಿದ್ದವು. ಇವುಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಭಾರತದಲ್ಲಿ ಹುಟ್ಟಿದವರದು.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಹಕ್ಕು ಎಲ್ಲ ಎಚ್-4 ಮಹಿಳೆಯರದಲ್ಲ. ಹೊಸದಾಗಿ ಮದುವೆಯಾಗಿ ಹೋದವಳ ಪತಿಯ ಕಂಪನಿ ಗ್ರೀನ್ ಕಾರ್ಡ್ ಪ್ರಕ್ರಿಯೆಯನ್ನೇ ಆರಂಭಿಸಿಲ್ಲವಾದರೆ ಆಕೆ ಕಾಯಲೇಬೇಕು. ಪ್ರಕ್ರಿಯೆ ಆರಂಭಿಸುವುದು, ಬಿಡುವುದು ಕಂಪನಿಯ ಇಚ್ಛೆ. ಅಂದರೆ ಹೆಂಡತಿ ಕೆಲಸಕ್ಕೆ ಹೋಗಬಹುದೇ ಎಂಬುದನ್ನು ತೀರ್ಮಾನಿಸುವವರು ಆಕೆಯ ಮುಖವನ್ನೂ ನೋಡದ, ಗಂಡನ ಕಚೇರಿಯ ಮಾನವ ಸಂಪನ್ಮೂಲ ವಿಭಾಗದವರು!

ಪರವಾನಗಿಯ ವಿರುದ್ಧ ಕೋರ್ಟಿನಲ್ಲೂ ಸೆಣಸಾಟ ನಡೆಯಿತು. ಕ್ಯಾಲಿಫೋರ್ನಿಯಾದ ಒಂದು ವಿದ್ಯುತ್ ಕಂಪನಿಯಲ್ಲಿ ಎಚ್-1ಬಿ ನೌಕರರಿಂದಾಗಿ ತಮ್ಮ ಕೆಲಸ ಹೋಯಿತೆಂದು ದೂರುತ್ತಿದ್ದ ಮಾಜಿ ನೌಕರರು ಕಟ್ಟಿಕೊಂಡ ‘ಸೇವ್ ಜಾಬ್ಸ್ ಯುಎಸ್‌ಎ’ ಸಂಘಟನೆ, ನಿಯಮ ಜಾರಿಗೆ ಬರುವ ಮುನ್ನವೇ, 2015ರ ಏಪ್ರಿಲ್‌ನಲ್ಲಿ ದಾವೆ ಹೂಡಿತು. 2017ರಲ್ಲಿ ಟ್ರಂಪ್ ಆಡಳಿತ ನಿಯಮವನ್ನೇ ರದ್ದು ಮಾಡುವುದಾಗಿ ಪ್ರಕಟಿಸಿತು. ಆ ಪ್ರಸ್ತಾವ 2021ರ ಜನವರಿಯಲ್ಲಿ ಹಿಂದಕ್ಕೆ ಹೋಯಿತು. 2023ರ ಮಾರ್ಚ್‌ನಲ್ಲಿ ಜಿಲ್ಲಾ ನ್ಯಾಯಾಲಯ, 2024ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿದವು. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸುವುದರೊಂದಿಗೆ ಹತ್ತು ವರ್ಷದ ವ್ಯಾಜ್ಯ ಮುಗಿಯಿತು.

ಆದರೆ ನೆಮ್ಮದಿಗೆ ಅದೇ ತಿಂಗಳಲ್ಲಿ ಇನ್ನೊಂದು ಪೆಟ್ಟು ಬಿತ್ತು. ನವೀಕರಣದ ಅರ್ಜಿ ಬಾಕಿ ಇರುವಾಗ ಹಳೆಯ ಪರವಾನಗಿಯೇ 540 ದಿನಗಳವರೆಗೆ ತಾನಾಗಿ ಮುಂದುವರಿಯುವ ಅನುಕೂಲ ಅಲ್ಲಿಯವರೆಗೆ ಇತ್ತು. 2025ರ ಅಕ್ಟೋಬರ್ 30ರಂದು ಅಥವಾ ನಂತರ ಸಲ್ಲಿಸಿದ ಅರ್ಜಿಗಳಿಗೆ ಅದನ್ನು ತೆಗೆದುಹಾಕಲಾಯಿತು. ಕಾರ್ಡಿನ ಅವಧಿ ಮುಗಿದ ಮರುದಿನ ಹೊಸ ಕಾರ್ಡ್ ಕೈಯಲ್ಲಿಲ್ಲದಿದ್ದರೆ ಕೆಲಸ ನಿಲ್ಲಿಸಲೇಬೇಕು. ಇಂಥ ತಡ ಹೊಸತೇನಲ್ಲ. 2019ರಲ್ಲಿ ಎಚ್-4 ಅರ್ಜಿದಾರರ ಬೆರಳಚ್ಚು ಕಡ್ಡಾಯವಾದಾಗ ಅರ್ಜಿಗಳು ತಿಂಗಳುಗಟ್ಟಲೆ ಕೊಳೆತು, ಅನೇಕ ಮಹಿಳೆಯರು ಇದ್ದ ನೌಕರಿ ಕಳೆದುಕೊಂಡಿದ್ದರು. 2021ರಲ್ಲಿ ಆ ಕ್ರಮವನ್ನು ಕೈಬಿಡಲಾಯಿತು.

ಎಚ್-4ರ ಸೋದರಿಯಂತಿರುವ ಎಲ್-2 ವೀಸಾದ ಪರಿಸ್ಥಿತಿ ಉತ್ತಮ. ಕಂಪನಿಯೊಳಗಿನ ವರ್ಗಾವಣೆಯ ಮೇಲೆ ಹೋದವರ ಪತ್ನಿಯರು 2021ರ ನವೆಂಬರ್‌ನಿಂದ ಪ್ರತ್ಯೇಕ ಪರವಾನಗಿ ಇಲ್ಲದೆಯೇ ದುಡಿಯಬಹುದಾಗಿದೆ.

ಮುಗಿಯದ ಸರದಿ

‘ಗ್ರೀನ್ ಕಾರ್ಡ್ ಬಂದರೆ ಎಲ್ಲ ಸರಿಹೋಗುತ್ತದೆ’ ಎಂಬ ಸಮಾಧಾನ ಪದ್ಮನಾಭನಗರದ ಹಿರಿಯರ ಬಾಯಲ್ಲೂ ಕೇಳುತ್ತದೆ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳು ವರ್ಷಕ್ಕೆ ಸುಮಾರು 1,40,000. ಇದರಲ್ಲಿ ಹೆಂಡತಿ ಮಕ್ಕಳ ಲೆಕ್ಕವೂ ಸೇರಿದೆ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಇದರಲ್ಲಿ ಸಾಧಾರಣವಾಗಿ ಶೇ 7ಕ್ಕಿಂತ ಹೆಚ್ಚು ಸಿಗುವುದಿಲ್ಲ. ಪುಟ್ಟ ಐಸ್‌ಲ್ಯಾಂಡಿಗೂ ಭಾರತಕ್ಕೂ ಒಂದೇ ಮಿತಿ. ಪರಿಣಾಮವಾಗಿ 2025ರ ಕೊನೆಯಲ್ಲಿ ಎರಡನೇ ಹಾಗೂ ಮೂರನೇ ಆದ್ಯತೆಯ ವರ್ಗಗಳಲ್ಲಿ ಭಾರತೀಯರ ಸರದಿ ತಲುಪಿದ್ದು 2013ರಲ್ಲಿ ಸಾಲಿಗೆ ನಿಂತವರ ಬಳಿಗೆ. ಅಂದು ತಾಯಿಯ ಕಂಕುಳಲ್ಲಿ ಹೋದ ಮಗು ಇಂದು ಹೈಸ್ಕೂಲು. ಇಪ್ಪತ್ತೊಂದು ತುಂಬುವಷ್ಟರಲ್ಲಿ ಸರದಿ ಬಾರದಿದ್ದರೆ ಇಲ್ಲಿಂದ ಹೋದ ಆ ಮಗು ಎಚ್-4 ಕಳೆದುಕೊಂಡು ತನ್ನದೇ ಬೇರೆ ವೀಸಾ ಹುಡುಕಬೇಕು. ಅಲ್ಲೇ ಹುಟ್ಟಿದ ತಮ್ಮನೋ ತಂಗಿಯೋ ಆ ದೇಶದ ಪ್ರಜೆ. ಒಂದೇ ಮನೆಯಲ್ಲಿ ಮೂರು ಬಗೆಯ ಕಾಗದಗಳು.

ಪತಿಯ ಕೆಲಸ ಹೋದರೆ ಇಡೀ ಕಟ್ಟಡವೇ ಅಲುಗಾಡುತ್ತದೆ. 2017ರಿಂದ ಜಾರಿಯಲ್ಲಿರುವ ನಿಯಮದಂತೆ ಸಿಗುವುದು ಹೆಚ್ಚೆಂದರೆ 60 ದಿನಗಳ ಕಾಲಾವಕಾಶ. ಅಷ್ಟರಲ್ಲಿ ಬೇರೆ ಕಂಪನಿ ಅರ್ಜಿ ಹಾಕದಿದ್ದರೆ ಪತಿಯ ಜೊತೆ ಪತ್ನಿಯ ಸ್ಥಾನಮಾನವೂ ಹೋಗುತ್ತದೆ. ಆಕೆಯ ಕೈಯಲ್ಲಿ ಒಳ್ಳೆಯ ನೌಕರಿ ಇದ್ದರೂ ಅಷ್ಟೇ. 2022ರ ಕೊನೆ ಮತ್ತು 2023ರಲ್ಲಿ ತಂತ್ರಜ್ಞಾನ ಕಂಪನಿಗಳು ಸಾಲುಸಾಲಾಗಿ ನೌಕರರನ್ನು ಕಡಿತಗೊಳಿಸಿದಾಗ ಅನೇಕ ಭಾರತೀಯ ಸಂಸಾರಗಳು ಈ ಅರವತ್ತು ದಿನಗಳನ್ನು ಎಣಿಸಿದವು.

ಇದರಿಂದ ಪಾರಾಗುವ ದಾರಿ, ಪತ್ನಿ ತಾನೇ ಎಚ್-1ಬಿ ಪಡೆಯುವುದು. ಅದಕ್ಕೆ ಕಂಪನಿಯೊಂದು ಮುಂದೆ ಬರಬೇಕು, ಮಾರ್ಚ್ ತಿಂಗಳ ಆಯ್ಕೆಯಲ್ಲಿ ಹೆಸರು ಬರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಆಡಳಿತ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದಾಗ ಈ ಬಾಗಿಲೂ ಮುಚ್ಚಿತೆಂಬ ಆತಂಕ ಹುಟ್ಟಿತ್ತು. ಮುಂದಿನ ತಿಂಗಳು ಹೊರಬಿದ್ದ ಸ್ಪಷ್ಟೀಕರಣದ ಪ್ರಕಾರ, ಅಮೆರಿಕಾದೊಳಗೇ ಇದ್ದುಕೊಂಡು ಎಚ್-4ರಿಂದ ಎಚ್-1ಬಿಗೆ ಬದಲಾಗುವವರಿಗೆ ಆ ಶುಲ್ಕ ಅನ್ವಯಿಸುವುದಿಲ್ಲ.

ಪದವಿಯ ಬೆಲೆ

ಎಂಜಿನಿಯರ್ ಮಹಿಳೆಯರದು ಒಂದು ಬವಣೆಯಾದರೆ ವೈದ್ಯೆಯರದು ಮತ್ತೊಂದು. ಇಲ್ಲಿನ ಎಂ.ಬಿ.ಬಿ.ಎಸ್. ಪದವೀಧರೆ ಅಲ್ಲಿ ವೈದ್ಯ ವೃತ್ತಿ ಕೈಗೊಳ್ಳಬೇಕಾದರೆ ಯು.ಎಸ್.ಎಂ.ಎಲ್.ಇ. ಪರೀಕ್ಷೆಗಳನ್ನು ಮುಗಿಸಿ, ಆಸ್ಪತ್ರೆಯೊಂದರಲ್ಲಿ ರೆಸಿಡೆನ್ಸಿ ತರಬೇತಿಗೆ ಆಯ್ಕೆಯಾಗಬೇಕು. ಇಲ್ಲಿ ಎಂ.ಡಿ. ಮುಗಿಸಿದ್ದರೂ ಸಾಮಾನ್ಯವಾಗಿ ಮೊದಲಿನಿಂದ ಆರಂಭ. ಪದವಿ ಪಡೆದು ಹೆಚ್ಚು ವರ್ಷಗಳಾದಷ್ಟೂ ಆಯ್ಕೆಯ ಸಾಧ್ಯತೆ ಕಡಿಮೆಯಾಗುತ್ತದೆ. ದಂತವೈದ್ಯೆಯರು ಎರಡು ಮೂರು ವರ್ಷ ಅಲ್ಲಿನ ದುಬಾರಿ ಕಾಲೇಜಿನಲ್ಲಿ ಮತ್ತೆ ಓದಬೇಕಾಗುತ್ತದೆ. ಶಿಕ್ಷಕಿಯರಿಗೆ ರಾಜ್ಯಕ್ಕೊಂದು ಪರವಾನಗಿ. ಬಿ.ಕಾಂ., ಬಿ.ಎಸ್ಸಿ. ಮಾಡಿದವರಿಗೆ ಮೂರು ವರ್ಷದ ಪದವಿ ಸಾಲದೆಂದು ಹಲವು ವಿಶ್ವವಿದ್ಯಾಲಯಗಳು ತಕರಾರು ತೆಗೆಯುತ್ತವೆ.

ಆದ್ದರಿಂದಲೇ ಮತ್ತೆ ಓದಿಗೆ ಕೂರುವವರು ಹೆಚ್ಚು. ಸಮುದಾಯ ಕಾಲೇಜುಗಳಲ್ಲಿ ಕಡಿಮೆ ಖರ್ಚಿನ ಕೋರ್ಸುಗಳಿವೆ. ಎಚ್-4ರಲ್ಲೇ ಓದಿದರೆ ಹಲವು ರಾಜ್ಯಗಳಲ್ಲಿ ಸ್ಥಳೀಯರ ದರದ ಶುಲ್ಕವೂ ಸಿಗಬಹುದು. ಆದರೆ ಓದು ಮುಗಿದ ಮೇಲೆ ವಿದ್ಯಾರ್ಥಿಗಳಿಗೆ ಸಿಗುವ 12 ತಿಂಗಳ ಉದ್ಯೋಗ ತರಬೇತಿ, ವಿಜ್ಞಾನ ಮತ್ತು ತಂತ್ರಜ್ಞಾನ ಓದಿದವರಿಗೆ ಹೆಚ್ಚುವರಿ 24 ತಿಂಗಳು ಬೇಕೆಂದರೆ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಲೇಬೇಕು. ಯಾವುದು ಲಾಭ ಎಂಬ ಲೆಕ್ಕಾಚಾರವನ್ನು ಸೇರುವ ಮುನ್ನವೇ ಮಾಡಿಕೊಳ್ಳುವುದು ಒಳಿತು.

ಬಾಣಂತನದ ಆರು ತಿಂಗಳು

ಕೆಲಸವಿಲ್ಲದ ಕಾಲ ಎಂದರೆ ಬಿಡುವಿನ ಕಾಲವಲ್ಲ. ಮನೆಗೆಲಸದವರು ಇಲ್ಲದ, ಅಕ್ಕಪಕ್ಕದಲ್ಲಿ ಅತ್ತಿಗೆ ನಾದಿನಿಯರಿಲ್ಲದ ಸಂಸಾರದಲ್ಲಿ ಅಡುಗೆ, ಮಕ್ಕಳ ಶಾಲೆ, ಈಜು ತರಗತಿ, ಕಾರು ಓಡಿಸುವುದು ಎಲ್ಲವೂ ಆಕೆಯ ಹೆಗಲಿಗೆ. ಹೆರಿಗೆಯ ಹೊತ್ತಿಗೆ ಬೆಂಗಳೂರಿನಿಂದ ತಾಯಿ ಹೊರಡುತ್ತಾರೆ. ಸಂದರ್ಶಕರ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಬಹುದಾದ್ದರಿಂದ, ಮೊದಲು ತಾಯಿ, ಅವರು ಹಿಂದಿರುಗುವಾಗ ಅತ್ತೆ ಎಂಬ ಸರದಿ ಅನೇಕ ಮನೆಗಳಲ್ಲಿ ರೂಢಿಯಾಗಿದೆ. ಗಾಂಧಿ ಬಜಾರಿನ ಕಾಂಡಿಮೆಂಟ್ಸ್ ಅಂಗಡಿಗಳಿಂದ ಸಾರಿನಪುಡಿ, ಚಟ್ನಿಪುಡಿ, ಬಾಣಂತಿಗೆ ಬೇಕಾದ ಲೇಹ್ಯ, ಮೆಣಸು, ಒಣಕೊಬ್ಬರಿ ಪೆಟ್ಟಿಗೆ ಸೇರುತ್ತವೆ. ಇತ್ತ ಪದ್ಮನಾಭನಗರದ ಮನೆಯಲ್ಲಿ ಒಂಟಿಯಾಗಿ ಉಳಿದ ತಂದೆ ಮೆಸ್ಸಿನ ಊಟಕ್ಕೆ ಒಗ್ಗಿಕೊಳ್ಳುತ್ತಾರೆ. ಅಲ್ಲಿನ ಸಂಸಾರ ನಡೆಯುವುದು ಇಲ್ಲಿನ ಹಿರಿಯ ಮಹಿಳೆಯರ ದುಡಿಮೆಯಿಂದಲೂ ಹೌದು ಎಂಬುದು ಯಾವ ಅಂಕಿ ಅಂಶದಲ್ಲೂ ಕಾಣುವುದಿಲ್ಲ.

ಹುಟ್ಟುವ ಮಗುವಿನ ಪೌರತ್ವವೂ ಈಗ ಚರ್ಚೆಯ ವಸ್ತು. ತಾತ್ಕಾಲಿಕ ವೀಸಾದ ತಾಯಂದಿರಿಗೆ ಹುಟ್ಟುವ ಮಕ್ಕಳಿಗೆ, ತಂದೆಯೂ ಪ್ರಜೆ ಅಥವಾ ಗ್ರೀನ್ ಕಾರ್ಡ್ ಹೊಂದಿದವನಲ್ಲದಿದ್ದರೆ, ಜನ್ಮಸಿದ್ಧ ಪೌರತ್ವ ನಿರಾಕರಿಸುವ ಆದೇಶಕ್ಕೆ 2025ರ ಜನವರಿ 20ರಂದು ಟ್ರಂಪ್ ಸಹಿ ಹಾಕಿದರು. ಜಾರಿಗೆ ಬರುವ ಮೊದಲೇ ನ್ಯಾಯಾಲಯಗಳು ಅದಕ್ಕೆ ತಡೆ ನೀಡಿದವು.

ಒಂಟಿತನಕ್ಕೆ ಕನ್ನಡ ಕೂಟಗಳು ಮದ್ದಾಗಿ ಒದಗಿವೆ. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1973ರಷ್ಟು ಹಳೆಯದು. ಅಕ್ಕ ಸಂಘಟನೆ 1998ರಲ್ಲಿ, ನಾವಿಕ 2009ರಲ್ಲಿ ಹುಟ್ಟಿದವು. 2004ರಿಂದ ಕನ್ನಡ ಸಾಹಿತ್ಯ ರಂಗ ಸಾಹಿತ್ಯೋತ್ಸವಗಳನ್ನು ನಡೆಸುತ್ತ ಬಂದಿದೆ. ವಾರಾಂತ್ಯದ ‘ಕನ್ನಡ ಕಲಿ’ ತರಗತಿಗಳಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುವವರಲ್ಲಿ ಮಹಿಳೆಯರದೇ ದೊಡ್ಡ ಪಾಲು. ಇದು ಸಂಬಳವಿಲ್ಲದ ಸೇವೆ. ಕಾನೂನು ಆಕೆಯನ್ನು ದುಡಿಮೆಯಿಂದ ದೂರವಿಟ್ಟಾಗ ಲಾಭ ಪಡೆದದ್ದು ಕನ್ನಡ ಎಂದು ಹೇಳಿದರೆ ತಪ್ಪಾಗದು, ಆದರೆ ಅದನ್ನು ಹೊಗಳಿಕೆಯೆಂದು ಭಾವಿಸಬೇಕಿಲ್ಲ.

ಸಂಸಾರ ಕೆಟ್ಟಾಗ

ಪತಿಯೇ ವೀಸಾದ ಆಧಾರವಾದಾಗ ‘ವಾಪಸ್ ಕಳಿಸಿಬಿಡುತ್ತೇನೆ’ ಎಂಬ ಬೆದರಿಕೆ ದೊಡ್ಡ ಆಯುಧವಾಗುತ್ತದೆ. ವಿಚ್ಛೇದನವಾದ ದಿನವೇ ಎಚ್-4 ಆಧಾರ ಕಳಚುತ್ತದೆ. ಹಿಂಸೆಗೆ ಒಳಗಾದ ಎಚ್-4 ಪತ್ನಿಗೆ ಪ್ರತ್ಯೇಕ ಉದ್ಯೋಗ ಪರವಾನಗಿ ನೀಡಲು ಕಾನೂನಿನಲ್ಲಿ 2006ರಲ್ಲೇ ಅವಕಾಶವಾದರೂ, ಅರ್ಜಿ ನಮೂನೆ ಹೊರಬಂದು ಅದು ಜಾರಿಯಾದದ್ದು 2017ರಲ್ಲಿ. ಇದು ಎರಡು ವರ್ಷದ ಪರವಾನಗಿ, ಪತಿಯ ಸಹಿ ಬೇಕಿಲ್ಲ. ನ್ಯೂಜೆರ್ಸಿಯ ಮಾನವಿ, ನ್ಯೂಯಾರ್ಕಿನ ಸಖಿ, ಕ್ಯಾಲಿಫೋರ್ನಿಯಾದ ಮೈತ್ರಿ ಮತ್ತು ನಾರಿಕಾ ಸಂಸ್ಥೆಗಳು ದಕ್ಷಿಣ ಏಷ್ಯಾದ ಮಹಿಳೆಯರಿಗಾಗಿಯೇ ಇವೆ. ತುರ್ತು ಸಂದರ್ಭದಲ್ಲಿ 911ಕ್ಕೆ ಕರೆ ಮಾಡಿದರೆ ಪೊಲೀಸರು ಬರುತ್ತಾರೆ.

ರಜೆಗೆಂದು ತವರಿಗೆ ಕರೆತಂದು, ಪಾಸ್‌ಪೋರ್ಟ್ ಎತ್ತಿಕೊಂಡು ಪತಿ ಒಬ್ಬನೇ ವಿಮಾನ ಹತ್ತಿದ ಪ್ರಕರಣಗಳೂ ಉಂಟು. ಇಂಥ ದೂರುಗಳಿಗಾಗಿ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಅನಿವಾಸಿ ಭಾರತೀಯ ಘಟಕವಿದೆ. ವಿದೇಶದಲ್ಲಿ ಪಡೆದ ವಿಚ್ಛೇದನ ಇಲ್ಲಿ ಯಾವಾಗ ಊರ್ಜಿತ ಎಂಬುದಕ್ಕೆ ವೈ. ನರಸಿಂಹ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ನೀಡಿದ ತೀರ್ಪೇ ಆಧಾರ. ದಂಪತಿ ವಿವಾಹವಾದ ಕಾನೂನಿಗೆ ಹೊಂದದ ಕಾರಣದ ಮೇಲೆ, ಪತ್ನಿ ಒಪ್ಪದ ನ್ಯಾಯಾಲಯದಲ್ಲಿ ಪಡೆದ ಏಕಪಕ್ಷೀಯ ವಿಚ್ಛೇದನ ಇಲ್ಲಿ ನಿಲ್ಲುವುದಿಲ್ಲ. ಅನಿವಾಸಿಗಳ ವಿವಾಹಗಳಿಗೆ ಸಮಗ್ರ ಕಾಯ್ದೆ ಬೇಕೆಂದು, ನೋಂದಣಿ ಕಡ್ಡಾಯವಾಗಬೇಕೆಂದು ಕಾನೂನು ಆಯೋಗ 2024ರ ಫೆಬ್ರುವರಿಯಲ್ಲಿ ಸಲ್ಲಿಸಿದ 287ನೇ ವರದಿಯಲ್ಲಿ ಶಿಫಾರಸು ಮಾಡಿದೆ.

ಜರ್ಮನಿಯ ಹಳೆಯ ಪಾಠ

ಇಂಥ ನಿರ್ಬಂಧ ಅಮೆರಿಕಾದ ಆವಿಷ್ಕಾರವೇನಲ್ಲ. 1961ರ ಅಕ್ಟೋಬರ್‌ನಲ್ಲಿ ಟರ್ಕಿ ಮತ್ತು ಪಶ್ಚಿಮ ಜರ್ಮನಿ ಕಾರ್ಮಿಕರ ಒಪ್ಪಂದ ಮಾಡಿಕೊಂಡಾಗ ಬರ್ಲಿನ್ನಿನ ವಿದ್ಯುತ್ ಉಪಕರಣ ಕಾರ್ಖಾನೆಗಳಿಗೆ ಟರ್ಕಿಯ ಹೆಣ್ಣುಮಕ್ಕಳೇ ಕಾರ್ಮಿಕರಾಗಿ ಹೋಗಿದ್ದರು. ಎಷ್ಟೋ ಕಡೆ ಹೆಂಡತಿ ಮೊದಲು ಹೋಗಿ ಗಂಡ ಹಿಂದಿನಿಂದ ಬಂದ. 1973ರ ನವೆಂಬರ್‌ನಲ್ಲಿ ನೇಮಕಾತಿ ನಿಂತು, ಬಳಿಕ ಪತಿಯನ್ನು ಸೇರಿಕೊಳ್ಳಲು ಬಂದ ಮಹಿಳೆಯರಿಗೆ ಕೆಲಸದ ಪರವಾನಗಿ ವರ್ಷಗಟ್ಟಲೆ ಸಿಗಲಿಲ್ಲ. ಅವರಲ್ಲಿ ಹಲವರು ಲೆಕ್ಕಕ್ಕೆ ಸಿಗದ ಶುಚಿಗೊಳಿಸುವ ಕೆಲಸಗಳಿಗೆ ಇಳಿದರು, ಭಾಷೆ ಕಲಿಯುವ ಅವಕಾಶ ತಪ್ಪಿತು. ಅದೇ ಜರ್ಮನಿ ಈಗ ಬ್ಲೂ ಕಾರ್ಡ್ ಪಡೆದ ತಂತ್ರಜ್ಞರ ಪತ್ನಿಯರಿಗೆ ಮೊದಲ ದಿನದಿಂದಲೇ ಉದ್ಯೋಗದ ಹಕ್ಕು ಕೊಡುತ್ತದೆ. ಬ್ರಿಟನ್ನಿನಲ್ಲೂ ಕುಶಲ ಉದ್ಯೋಗಿಗಳ ಪತ್ನಿಯರು ದುಡಿಯಬಹುದು. ಅಮೆರಿಕಾ ಬಿಟ್ಟು ಬೇರೆ ದೇಶ ಆರಿಸಿಕೊಳ್ಳುವ ಯುವ ದಂಪತಿಗಳು ಮುಂದಿಡುವ ಕಾರಣಗಳಲ್ಲಿ ಇದೂ ಒಂದು.

ಹೊರಡುವ ಮುನ್ನ

2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕಾದ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ಅಂದು ವೀಸಾ ಸೇವೆ ಆರಂಭವಾಗಲಿಲ್ಲ. ಅಲ್ಲಿಯವರೆಗೆ ಸಂದರ್ಶನಕ್ಕಾಗಿ ಚೆನ್ನೈ, ಹೈದರಾಬಾದುಗಳಿಗೆ ಅಲೆಯುವುದೇ ನಗರದ ಅರ್ಜಿದಾರರ ಪಾಡಾಗಿತ್ತು. ಅದೇ ವರ್ಷದ ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣಗಳ ಖಾತೆಗಳ ಪರಿಶೀಲನೆ ಆರಂಭವಾಗಿ, ಭಾರತದಲ್ಲಿ ಗೊತ್ತಾಗಿದ್ದ ಅನೇಕ ಸಂದರ್ಶನಗಳು 2026ಕ್ಕೆ ಮುಂದೂಡಲ್ಪಟ್ಟವು. ಮದುವೆ, ಗೃಹಪ್ರವೇಶಗಳಿಗೆಂದು ಬಂದವರು ಇಲ್ಲೇ ಸಿಕ್ಕಿಕೊಂಡರು. ಆದ್ದರಿಂದ ವೀಸಾ ಮುದ್ರೆಯ ಅವಧಿ ಮುಗಿದವರು ತವರಿಗೆ ಬರುವ ಮೊದಲು ಸಂದರ್ಶನದ ದಿನಾಂಕ ಖಚಿತಪಡಿಸಿಕೊಳ್ಳುವುದು ಕ್ಷೇಮ.

ಮದುವೆಯಾಗಿ ಹೊರಡುವ ಹೆಣ್ಣುಮಕ್ಕಳು ವಿವಾಹ ನೋಂದಣಿ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಿಂದ ಪಡೆದು ಮೂಲ ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕು. ಪಾಸ್‌ಪೋರ್ಟ್, ವೀಸಾ ಮತ್ತು ಪತಿಯ ಎಚ್-1ಬಿ ಮಂಜೂರಾತಿ ಪತ್ರದ ಪ್ರತಿಗಳನ್ನು ತವರಿನಲ್ಲೂ ಒಂದು ಕಡತದಲ್ಲಿ ಬಿಡುವುದು ಒಳ್ಳೆಯದು. ಅಲ್ಲಿ ಪದವಿಯ ಮೌಲ್ಯಮಾಪನಕ್ಕೆ ವಿಶ್ವವಿದ್ಯಾಲಯದ ಮೊಹರು ಹಾಕಿದ ಅಂಕಪಟ್ಟಿಗಳನ್ನು ಕೇಳುತ್ತಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ಬೆಳಗಾವಿಯಲ್ಲಿ. ಆ ಓಡಾಟವನ್ನು ಮದುವೆಯ ಮುಂಚೆಯೇ ಮುಗಿಸಿಕೊಂಡರೆ, ಅಲ್ಲಿಂದ ಫೋನ್ ಮಾಡಿ ವಯಸ್ಸಾದ ತಂದೆಯನ್ನು ಬೆಳಗಾವಿಗೆ ಕಳಿಸುವ ಪ್ರಮೇಯ ತಪ್ಪುತ್ತದೆ.